ಹನ್ನೊಂದು ಶನಿವಾರದ ಕೋಟು

ಪ್ರತಿ ಶನಿವಾರ ಅಂಗಡಿ ತೆರೆದ ಕೂಡಲೇ ದರ್ಜಿ ಮಾಡುತ್ತಿದ್ದ ಮೊದಲ ಕೆಲಸವೆಂದರೆ ಟೀಚರಮ್ಮನ ಕೋಟಿನ ಎಡತೋಳನ್ನು ಬಿಚ್ಚಿಹಾಕುವುದು. ವಾರದ ನಡುವೆ ಮತ್ತೆ ಹೊಲಿಯುವವನೂ ಅವನೇ, ಶನಿವಾರ ಬಿಚ್ಚುವವನೂ ಅವನೇ. ಹುಚ್ಚಲ್ಲ ಸ್ವಾಮಿ, ಸತ್ಯವಂತ! "ಇನ್ನೂ ಆಗಿಲ್ಲ" ಎಂದು ಸುಳ್ಳು ಹೇಳಲು ಅವನಿಗೆ ನಾಲಿಗೆ ಏಳುತ್ತಿರಲಿಲ್ಲ. ಅದಕ್ಕೇ ಆಗದಂತೆ ಮಾಡಿಟ್ಟು ಹೇಳುತ್ತಿದ್ದ. ಕೋಟು ಕೊಟ್ಟುಬಿಟ್ಟರೆ ಆಕೆ ಮತ್ತೆ ಈ ಕಡೆ ಯಾಕೆ ಬಂದಾರು? ಅವನಿಗೋ ನಲವತ್ತೆರಡು ದಾಟಿತ್ತು, ಮದುವೆಯಾಗಿರಲಿಲ್ಲ. ಅವರೂ ಒಂಟಿಯೇ.

ಟೀಚರಮ್ಮ ಪಕ್ಕದ ರಸ್ತೆಯ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವವರು. ಮೂರನೇ ಶನಿವಾರವೂ ಬರಿಗೈಯಲ್ಲಿ ಹೋಗಬೇಕಾದಾಗ ಸಿಟ್ಟಾಗುವ ಬದಲು ಪಾಠ ಶುರುಮಾಡಿದರು. ಮಾಡಬೇಕಾದ್ದನ್ನು ಮುಂದಕ್ಕೆ ಹಾಕಿದರೆ ಇಂಗ್ಲಿಷಿನಲ್ಲಿ 'ಪುಟ್ ಆಫ್' ಅನ್ನುತ್ತಾರಂತೆ. ಮಳೆ ಬಂದರೆ ಆಟ ಪುಟ್ ಆಫ್, ಹೆಡ್‌ಮಾಸ್ತರಿಗೆ ಜ್ವರ ಬಂದರೆ ಮೀಟಿಂಗ್ ಪುಟ್ ಆಫ್. ಆದರೆ ಪೂರ್ತಿ ಕೈಬಿಟ್ಟದ್ದಕ್ಕೆ ಹಾಗನ್ನಬಾರದು, ಇವತ್ತಲ್ಲದಿದ್ದರೆ ಇನ್ನೊಂದು ದಿನ ಮಾಡುವ ಮನಸ್ಸಿರಬೇಕು ಎಂದರು. ದರ್ಜಿ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಅದನ್ನು ಗೋಡೆಯ ಮೇಲೆ ಬರೆದುಕೊಂಡ. ವಾರಕ್ಕೊಂದು ವಾಕ್ಯ ಒಪ್ಪಿಸಬೇಕೆಂದು ಕಟ್ಟಪ್ಪಣೆಯೂ ಆಯಿತು. ಹಲ್ಲು ಕೀಳಿಸುವುದನ್ನು ಅಕ್ಕ ಪುಟ್ ಆಫ್ ಮಾಡುತ್ತಿದ್ದಾಳೆ ಎಂದು ಒಂದು ವಾರ ಒಪ್ಪಿಸಿದ. ಮೂಲೆಯಲ್ಲಿ ಗುಂಡಿ ಹೊಲಿಯುತ್ತಿದ್ದ ಅಕ್ಕ ಅವನನ್ನು ದುರುಗುಟ್ಟಿ ನೋಡಿದಳು.

ಹನ್ನೊಂದನೇ ಶನಿವಾರ ಅಕ್ಕನಿಗೆ ತಡೆಯಲಾಗಲಿಲ್ಲ. ದರ್ಜಿ ಇಸ್ತ್ರಿಪೆಟ್ಟಿಗೆಯ ಕಡೆ ತಿರುಗಿದ್ದೇ ತಡ, ಕೋಟನ್ನೂ ಬಿಚ್ಚಿದ ತೋಳನ್ನೂ ಎತ್ತಿ ಟೀಚರಮ್ಮನ ಕೈಗಿಟ್ಟಳು. ತೋಳು ಕೂಡುವ ಜಾಗದಲ್ಲಿ ಬಟ್ಟೆಯ ತುಂಬ ಸೂಜಿಯ ತೂತು, ಜರಡಿಯ ಹಾಗೆ. ನಕಲು ಹೊಡೆಯುವ ಮಕ್ಕಳನ್ನು ಇಪ್ಪತ್ತು ವರ್ಷ ಹಿಡಿದ ಕಣ್ಣಿಗೆ ಅಷ್ಟು ಸಾಕಾಯಿತು.

"ಎಷ್ಟು ಸಲ ಬಿಚ್ಚಿದ್ದೀರಿ?"

ದರ್ಜಿ ಇಸ್ತ್ರಿಪೆಟ್ಟಿಗೆಯನ್ನು ಇದ್ದಲ್ಲೇ ಬಿಟ್ಟು ಇತ್ತ ತಿರುಗಿದ. "ಇವತ್ತಿಂದೂ ಸೇರಿ ಹನ್ನೊಂದು."

"ಸರಿ. ಈ ವಾರದ ವಾಕ್ಯ ನಾನೇ ಶುರು ಮಾಡ್ತೀನಿ. ಹನ್ನೊಂದು ವಾರದಿಂದ ದರ್ಜಿ ಪುಟ್ ಆಫ್ ಮಾಡ್ತಿರೋದು ಏನನ್ನ? ನೀವು ಮುಗಿಸಿ."

ಇಸ್ತ್ರಿಪೆಟ್ಟಿಗೆ ಯಾರದೋ ಪ್ಯಾಂಟನ್ನು ಸುಡುತ್ತಿತ್ತು, ಅವನಿಗೆ ಅದರ ಪರಿವೆಯೇ ಇಲ್ಲ. ಇವತ್ತೂ ಬಾಯಿ ಬಿಡದಿದ್ದರೆ ಆಕೆ ಬಟ್ಟೆ ತೆಗೆದುಕೊಂಡು ಹೊರಟುಹೋಗುತ್ತಾರೆ, ಅಲ್ಲಿಗೆ ಕಥೆ ಮುಗಿಯಿತು.

"ನನ್ನನ್ನ ಮದುವೆ ಆಗ್ತೀರಾ ಅಂತ ಕೇಳೋದನ್ನ," ಎಂದ, ನೆಲ ನೋಡುತ್ತಾ.

ಅಕ್ಕ ಎದ್ದು ಹೋಗಿ ಇಸ್ತ್ರಿಪೆಟ್ಟಿಗೆಯನ್ನು ಎತ್ತಿಟ್ಟಳು. ಟೀಚರಮ್ಮ ಕೋಟನ್ನು ಮಡಚಿ, ಕೈಚೀಲಕ್ಕೆ ಹಾಕಿಕೊಳ್ಳದೆ, ಮತ್ತೆ ಅವನ ಮೇಜಿನ ಮೇಲೇ ಇಟ್ಟರು.

"ವಾಕ್ಯ ಸರಿಯಾಗಿದೆ. ಉತ್ತರ ಮಾತ್ರ ಪುಟ್ ಆಫ್," ಎಂದು ನಗುತ್ತಾ ಮೆಟ್ಟಿಲಿಳಿದರು. "ಮುಂದಿನ ಶನಿವಾರ ಬರ್ತೀನಿ. ಬಲತೋಳನ್ನೂ ಬಿಚ್ಚಿಟ್ಟಿರಿ."