ಹಾಯಿದೋಣಿಯ ತಂತಿಗೆ ತಿರುಪು

ಆಗ ನನಗೆ ಅರವತ್ತೊಂದು. ಈಗ ಒಂಬತ್ತು ವರ್ಷವಾಯಿತು. ಮೊಣಕಾಲು ಹೋಗಿದ್ದವು, ಹಲ್ಲೂ ಅರ್ಧ ಹೋಗಿದ್ದವು. ಅಕ್ಕನನ್ನು ನೋಡುವ ಆಸೆ ಮಾತ್ರ ಹೋಗಿರಲಿಲ್ಲ.

ಡ್ಯಾಮಿನ ನೀರಿನ ಈ ದಡದಲ್ಲಿ, ಬಸವಕಲ್ಯಾಣದ ಕಡೆ, ನಮ್ಮ ಮನೆ. ಆ ದಡದಲ್ಲಿ, ಹುಮನಾಬಾದದ ಕಡೆ, ಅಕ್ಕನ ಮನೆ. ಮೊದಲು ನಡುವೆ ಬರೀ ಒಂದು ಹಳ್ಳವಿತ್ತು. ಸೀರೆ ಎತ್ತಿ ಕಟ್ಟಿ ದಾಟಿ, ಅವಳ ಒಲೆಯ ಮುಂದೆ ಕೂತು ಬಿಸಿ ರೊಟ್ಟಿ ತಿಂದು ಬರುತ್ತಿದ್ದೆ. ಡ್ಯಾಮು ಕಟ್ಟಿ ನೀರು ನಿಂತ ಮೇಲೆ ಹುಮನಾಬಾದಕ್ಕೆ ಹೋಗಿ ಬಸ್ಸು ಬದಲಿಸಿ ಸುತ್ತಬೇಕು. ಬಸ್ಸಿನ ಮೆಟ್ಟಿಲು ಹತ್ತಲು ನನ್ನ ಕಾಲು ಒಪ್ಪಲಿಲ್ಲ. ಅಕ್ಕ ಹಾಸಿಗೆ ಹಿಡಿದಿದ್ದಳು. ಅವಳ ಮನೆಯ ಮುಂದಿನ ಬೇವಿನ ಮರ ನಮ್ಮ ಅಂಗಳದಿಂದ ಕಾಣುತ್ತಿತ್ತು. ಕಾಣುವುದೇ ತೊಂದರೆ. ಕಾಣದಿದ್ದರೆ ಮರೆಯಬಹುದಿತ್ತು.

ನನ್ನ ಗಂಡ ಮುಂಬಯಿಯಲ್ಲಿ ಸಾಹುಕಾರರ ಹಾಯಿದೋಣಿ ತೊಳೆದು, ಚಹಾ ಮಾಡಿಕೊಟ್ಟು ಮುಪ್ಪಾದವರು. ದೋಣಿ ನಡೆಸುವುದನ್ನು ನೋಡಿ ಕಲಿತಿದ್ದರು. ತಂತಿ ಬಿಗಿಯುವ ಕೆಲಸ ಬೇರೆಯವರದಾಗಿತ್ತು. ಊರಿಗೆ ಬರುವಾಗ ಸಾಹುಕಾರರು ಬಿಟ್ಟ ಸಣ್ಣ ದೋಣಿಯೊಂದನ್ನು ಲಾರಿಯ ಮೇಲೆ ಹೇರಿಕೊಂಡು ಬಂದರು. ಒಳಗೆ ಇಬ್ಬರು ಮಲಗುವಷ್ಟು ಜಾಗ. ಊರವರು ನಕ್ಕರು. ನಾನೂ ನಕ್ಕೆ. ಆಮೇಲೆ ಬೇವಿನ ಮರದ ಕಡೆ ನೋಡಿ ನಗು ನಿಲ್ಲಿಸಿದೆ.

ಒಮ್ಮೆ ಹೊರಟೆವು. ಹಾಯಿಯ ಕಂಬವನ್ನು ಎರಡೂ ಮಗ್ಗುಲಿಗೆ ಹಿಡಿದ ತಂತಿಗಳನ್ನು ಗಂಡ ಕೆಳಗೆ ಹಗ್ಗದಿಂದ ಬಿಗಿದಿದ್ದರು. ಹಗ್ಗ ಸಡಿಲಾಯಿತು, ಕಂಬ ಅಲ್ಲಾಡಿತು, ಹಿಂದಕ್ಕೆ ಬಂದೆವು. ಅಕ್ಕನ ಅಂಗಳದಲ್ಲಿ ಯಾರೋ ಕಸ ಗುಡಿಸುವುದು ಕಾಣುವಷ್ಟು ಹತ್ತಿರ ಹೋಗಿದ್ದೆವು.

ಗಂಡ ಹುಮನಾಬಾದದ ಲಾರಿ ಗ್ಯಾರೇಜಿನಿಂದ ಎರಡು ತಿರುಪು ತಂದರು. ನಡುವಿನ ಕಬ್ಬಿಣ ತಿರುವಿದರೆ ಎರಡೂ ತುದಿಯ ಬೋಲ್ಟು ಒಳಗೆ ಸರಿದು ತಂತಿ ಬಿಗಿಯುತ್ತದೆ. ಹಗ್ಗ ಬಿಚ್ಚಿ ಅವನ್ನು ಹಾಕಿದರು. ಹಾಕಿ, ಹಗ್ಗದ ಮಂಚ, ಅಂದರೆ ಹೊರಸು, ಬಿಗಿಯುವ ಹಾಗೆ ಬಿಗಿದರು. ಹೊರಸಿನ ಹಗ್ಗ ಜೋತುಬಿದ್ದರೆ ನಾವು ಕಾಲ ಕಡೆಯಿಂದಷ್ಟೇ, ಕಟ್ಟಿಗೆಗೆ ಪಾದ ಕೊಟ್ಟು, ಇನ್ನು ಆಗದು ಎನ್ನುವ ತನಕ ಜಗ್ಗುತ್ತೇವೆ. ಅವರೂ ಒಂದೇ ಮಗ್ಗುಲಿನ ತಿರುಪನ್ನು ಕೊನೆಯ ತನಕ ತಿರುವಿದರು. ಕಂಬ ಆ ಕಡೆ ಬಾಗಿತು.

"ಇದೇನ್ ಹೊರಸೇನ್ರಿ, ಹೀಂಗ ಜಗ್ಗಾಕ?" ಅಂದೆ.

"ಹೊರಸ ಆಗಿದ್ರ ಇಷ್ಟೊತ್ತಿಗೆ ನೀ ಅದರ ಮ್ಯಾಲ ಬಿದ್ದಿರತಿದ್ದಿ," ಅಂದರು.

ತಂತಿಗಳನ್ನು ಬೆರಳಿನಿಂದ ಮೀಟಿದೆ. ಒಂದು ಕೀರಲು, ಇನ್ನೊಂದು ಸತ್ತ ದನಿ. ಗಂಡ ಸೋಮವಾರದ ಭಜನೆಯಲ್ಲಿ ಏಕತಾರಿ ಹಿಡಿಯುವವರು. ಶ್ರುತಿ ಕೂಡದೆ ಒಂದು ಪದ ಎತ್ತುವವರಲ್ಲ.

"ಏಕತಾರಿ ಹೀಂಗ ಒದರಿದ್ರ ಹಾಡತೀರೇನ್ರಿ?"

ಅವರು ತಿರುಪು ಸಡಿಲಿಸಿದರು. ಈ ಕಡೆ ಸ್ವಲ್ಪ, ಆ ಕಡೆ ಸ್ವಲ್ಪ ಅವರು ತಿರುವುವುದು, ನಾನು ಮೀಟುವುದು, ಅವರು ಕಣ್ಣು ಮುಚ್ಚಿ ಕೇಳುವುದು. ಕೊನೆಗೆ ಎರಡೂ ತಂತಿ ಒಂದೇ ದನಿ ಕೊಟ್ಟವು. ಕಂಬ ನೆಟ್ಟಗಾಯಿತು. ಆದರೆ ಸಂಜೆಯಾಗಿತ್ತು.

"ಗಾಳಿ ನಿಂತದ. ನಾಳಿಗಿ ಹೋಗಾಮು," ಅಂದರು.

ಹಾಸಿಗೆ ಹಿಡಿದವರಿಗೆ ಎಷ್ಟು ನಾಳೆ ಇರುತ್ತವೆ? ಬೇವಿನ ಮರ ಮಬ್ಬಿನಲ್ಲಿ ಕರಗುವ ತನಕ ದಡದಲ್ಲೇ ಕೂತೆ. ಅಕ್ಕ ಈಗ ಇಲ್ಲ. ಮರವನ್ನು ಈಗಲೂ ದಿನಾ ನೋಡುತ್ತೇನೆ.

ಆ ಸಂಜೆಯ ಮರುದಿನ ಬೆಳಿಗ್ಗೆ ಗಂಡ ಏಳುವ ಮೊದಲೇ ಒಲೆ ಹಚ್ಚಿದೆ. ರೊಟ್ಟಿ ಬಡಿದು, ಅಕ್ಕನಿಗೆ ಹಲ್ಲಿಲ್ಲವೆಂದು ಅಂಚು ಕಿತ್ತು, ಮೆತ್ತನೆಯ ನಡುಭಾಗವಷ್ಟೇ ಬಟ್ಟೆಯಲ್ಲಿ ಕಟ್ಟಿದೆ. ಗಂಡ ನನ್ನನ್ನು ಜೋಳದ ಚೀಲದ ಹಾಗೆ ಎತ್ತಿ ದೋಣಿಗೆ ಇಳಿಸಿದರು. ರೊಟ್ಟಿ ಇನ್ನೂ ಬೆಚ್ಚಗಿರುವಾಗಲೇ ಅಕ್ಕನ ಹಾಸಿಗೆಯ ಪಕ್ಕ ಕೂತು ಗಂಟು ಬಿಚ್ಚಿದೆ.