ಲ್ಯಾಪ್‌ಟಾಪಿನ ಮೌನವ್ರತ

ನಮ್ಮ ಮನೆಯ ಲ್ಯಾಪ್‌ಟಾಪಿಗೆ ತಿಂಗಳಿಗೊಮ್ಮೆ ಮೌನವ್ರತ ಹಿಡಿಯುವ ಚಾಳಿಯಿದೆ. ಚಿತ್ರ ಸರಿಯಾಗಿ ಮೂಡುತ್ತದೆ, ಫ್ಯಾನು ಏದುಸಿರು ಬಿಡುತ್ತದೆ, ಆದರೆ ಸದ್ದು ಮಾತ್ರ ಇಲ್ಲ. ಇದು ಪತ್ರ ಬರೆಯುವ, ಲೆಕ್ಕ ಹಾಕುವ ಸಾತ್ವಿಕ ಲ್ಯಾಪ್‌ಟಾಪಲ್ಲ ಸ್ವಾಮಿ, ಯುದ್ಧದಾಟಗಳಿಗೆಂದೇ ಹುಟ್ಟಿದ ರಾಜಸ ಜಾತಿಯದು. ತೂಕದಲ್ಲಿ ರುಬ್ಬುಗುಂಡು, ಅಕ್ಷರಗಳ ಸಂದಿಯಲ್ಲೆಲ್ಲ ಕೆಂಪು ದೀಪ, ಮುಚ್ಚಳದ ಮೇಲೆ ಬಾಯಿ ತೆರೆದ ಡ್ರ್ಯಾಗನ್ನು. ನ್ಯಾಮತಿಯಂಥ ಊರಿನಲ್ಲಿ, ಅರವತ್ತೊಂದು ದಾಟಿದ ನಿವೃತ್ತ ಭೂಗೋಳದ ಮೇಷ್ಟ್ರ ಮನೆಗೆ ಇಂಥದ್ದು ಏಕೆ ಬಂತೆಂದು ನೀವು ಹುಬ್ಬೇರಿಸಿದರೆ ತಪ್ಪಿಲ್ಲ. ನಮ್ಮ ಓಣಿಯವರೂ ಏರಿಸಿದ್ದರು.

ಬಂದದ್ದು ಜಗಳೂರಿನಿಂದ. ಅಲ್ಲಿರುವ ನನ್ನ ತಂಗಿಯ ಮಗಳು ರೂಪಾ ಹೊಸದನ್ನು ಕೊಂಡಾಗ ಹಳೆಯದನ್ನು ನನ್ನ ತೊಡೆಯ ಮೇಲಿಟ್ಟು, "ಕುಂತು ಕುಂತು ಬೇಜಾರಾಗ್ತೈತೆ ಮಾವ, ಇದ್ರಾಗೆ ಆಡ್ಕಂಡಿರ್ರಿ" ಎಂದಳು. ನಾನು ಕುಂತದ್ದಕ್ಕೂ ಕಾರಣವಿತ್ತು. ಹೊನ್ನಾಳಿ ರಸ್ತೆಯಲ್ಲಿ ಎದುರಾದ ಎಮ್ಮೆಯೊಂದಕ್ಕೆ ಸೌಜನ್ಯದಿಂದ ದಾರಿ ಬಿಡಲು ಹೋಗಿ, ಸ್ಕೂಟರ್ ಸಮೇತ ಕಾಲುವೆಗಿಳಿದಿದ್ದೆ. ಎಮ್ಮೆ ಕ್ಷೇಮವಾಗಿ ಮನೆ ಸೇರಿತು, ನಾನು ಆಸ್ಪತ್ರೆ ಸೇರಿದೆ. ಬಲಮಂಡಿಗೆ ಆಪರೇಷನ್ ಮಾಡಿದ ಡಾಕ್ಟರು ಕಳಿಸಿಕೊಡುವಾಗ ಖಂಡಿತವಾಗಿ ಹೇಳಿದ್ದರು: "ಮೂಳೆ ಕೂಡೈತೆ ಮೇಷ್ಟ್ರೇ, ಇನ್ನು ನಡಿಯಾದು ನಿಮ್ಮ ಕೆಲಸ. ಆರು ತಿಂಗಳೊಳಗೆ ನಡೀಲಿಲ್ಲ ಅಂದ್ರೆ ಮಂಡಿ ಹಂಗೇ ಬಿಗಿದು ಕುಂತ್ಬಿಡ್ತೈತೆ. ಆಮೇಲೆ ನನ್ನ ಕೈಲೂ ಏನೂ ಮಾಡಾಕಾಗಲ್ಲ."

ನಾನು ನಡೆಯಲಿಲ್ಲ. ನೋವಿನ ನೆಪ ಹೇಳುತ್ತಿದ್ದೆನಾದರೂ ಇದ್ದದ್ದು ಭಯ. ಹೊಸ್ತಿಲಾಚೆ ಕಾಲಿಟ್ಟರೆ ಸಾಕು, ಭೂಮಿ ಮತ್ತೊಮ್ಮೆ ಓರೆಯಾದೀತೆಂದು ಕಾಲನ್ನು ಹಿಂದಕ್ಕೆಳೆದುಕೊಳ್ಳುತ್ತಿದ್ದೆ. ಮೂವತ್ತು ವರ್ಷ ಮಕ್ಕಳಿಗೆ ಭೂಗೋಳ ಪಾಠ ಮಾಡಿದವನಿಗೆ ಸ್ವಂತ ಅಂಗಳವೇ ಅಜ್ಞಾತ ಖಂಡವಾಗಿತ್ತು. ನನ್ನ ಹೆಂಡತಿ ಹಾಲಮ್ಮ ದಿನವೂ ಕೋಲು ತಂದು ಕೈಗಿಡುವಳು, ಬೇಡಿಕೊಳ್ಳುವಳು, ಒಮ್ಮೊಮ್ಮೆ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋಗುವಳು. ನಾನು ಲ್ಯಾಪ್‌ಟಾಪ್ ತೆರೆಯುವೆ.

ಏಕೆಂದರೆ ಅದರೊಳಗೆ ನಾನು ನಡೆಯುತ್ತಿದ್ದೆ. ರೂಪಾ ತುಂಬಿಕೊಟ್ಟ ಆಟಗಳಲ್ಲೊಂದರಲ್ಲಿ ಗಡ್ಡಧಾರಿ ವೀರನೊಬ್ಬ ಕಳ್ಳರನ್ನು ಸದೆಬಡಿಯುತ್ತ ರಾಜ್ಯವನ್ನು ಗೆಲ್ಲಬೇಕು. ನನಗೆ ರಾಜ್ಯ ಬೇಕಿರಲಿಲ್ಲ. ಆ ಲೋಕದ ಮೂಲೆಯಲ್ಲಿ ಒಂದು ಸರೋವರವಿತ್ತು; ನಸುಕಿನ ಮಂಜು ನೀರಿನ ಮೇಲೆ ಮಲಗಿರುತ್ತಿತ್ತು; ದಡದುದ್ದಕ್ಕೂ ಹರಳುಗಲ್ಲಿನ ದಾರಿ. ವೀರನ ಕತ್ತಿಯನ್ನು ಒರೆಯಲ್ಲೇ ಬಿಟ್ಟು, ಅವನನ್ನು ಆ ದಾರಿಯಲ್ಲಿ ಮೆಲ್ಲಗೆ ನಡೆಸುತ್ತ ಹೋದರೆ ಪಾದದಡಿ ಹರಳು ಕರಕರ ಎನ್ನುವುದು, ಜೊಂಡಿನಲ್ಲಿ ಹೆಸರಿಲ್ಲದ ಹಕ್ಕಿಯೊಂದು ಕೂಗುವುದು, ಅಲೆಗಳು ದಡಕ್ಕೆ ಬಂದು ಏನನ್ನೋ ಹೇಳಿ ಹಿಂದಿರುಗುವವು. ಕಣ್ಣು ಅರೆಮುಚ್ಚಿದರೆ ನಾನು ಸೂಳೆಕೆರೆಯ ಏರಿಯ ಮೇಲಿರುತ್ತಿದ್ದೆ. ಚನ್ನಗಿರಿಯಲ್ಲಿ ಮೇಷ್ಟ್ರಾಗಿದ್ದ ಹೊಸದರಲ್ಲಿ ಭಾನುವಾರ ಬಂತೆಂದರೆ ಆ ಏರಿಯ ಮೇಲೆ ನಡೆಯುವುದೇ ನನ್ನ ಏಕಮಾತ್ರ ವ್ಯಸನ. ಆಚೆ ದಡ ಆಕಾಶದಲ್ಲಿ ಕರಗಿಹೋದಂತೆ ಕಾಣುವ ಆ ಜಲರಾಶಿಯ ಪಕ್ಕದಲ್ಲಿ ನಾನು ದಾಪುಗಾಲು ಹಾಕುತ್ತಿದ್ದರೆ, ಮದುವೆಯಾಗಿ ವರ್ಷ ತುಂಬದ ಹಾಲಮ್ಮ ಹಿಂದಿನಿಂದ "ಒಸಿ ನಿಧಾನ ನಡೀರಿ" ಎಂದು ಕೂಗುತ್ತಿದ್ದಳು. ನಾನು ನಿಲ್ಲುತ್ತಿರಲಿಲ್ಲ. ಯೌವನಕ್ಕೆ ಅಷ್ಟು ಕೊಬ್ಬಿರುತ್ತದೆ.

ನನ್ನ ವಿಹಾರವ್ರತ ತಿಳಿದಾಗ ರೂಪಾ ಫೋನಿನಲ್ಲಿ ಬಿದ್ದು ಬಿದ್ದು ನಕ್ಕಳು. "ಒಬ್ರನ್ನೂ ಹೊಡೀದೆ ಬರೀ ವಾಕಿಂಗ್ ಹೋಗ್ತೀರೇನ್ರಿ ಮಾವ?" ನಿಜ ಹೇಳಬೇಕೆಂದರೆ, ಕಳ್ಳರೇ ನನ್ನನ್ನು ಹಲವು ಬಾರಿ ಹೊಡೆದಿದ್ದರು. ಸತ್ತರೂ ಮರಳಿ ದಡದಲ್ಲೇ ಹುಟ್ಟುವ ಸೌಲಭ್ಯವಿದ್ದುದರಿಂದ ನಾನು ಬೇಸರಪಟ್ಟುಕೊಂಡಿರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಸದ್ದು ನಿಂತಿತು. ಹರಳಿಲ್ಲ, ಹಕ್ಕಿಯಿಲ್ಲ. ಸದ್ದಿಲ್ಲದ ಕೆರೆ ಬರೀ ಕ್ಯಾಲೆಂಡರಿನ ಚಿತ್ರವೆಂದು ಅಂದೇ ನನಗೆ ತಿಳಿದದ್ದು. ರೂಪಾ ಹೇಳಿದಂತೆ ಆರಿಸಿ ಹೊತ್ತಿಸಿದೆ. ಸೆಟ್ಟಿಂಗ್ಸ್ ಎಂಬ ಚಕ್ರವ್ಯೂಹ ಹೊಕ್ಕು ಹೊರಬರಲು ತಿಳಿಯದೆ ಭಾಷೆಯನ್ನು ಜಪಾನಿಗೆ ಬದಲಿಸಿಕೊಂಡೆ. ಸದ್ದು ನಡೆಸುವ ಡ್ರೈವರ್ ಎಂಬ ತಂತ್ರಾಂಶವನ್ನು ತೆಗೆದು ಮತ್ತೆ ಹಾಕಿದೆ. ಏನೂ ಆಗಲಿಲ್ಲ. ಕೊನೆಗೆ ನಾನೇ, ಯಾರ ಬಲವಂತವೂ ಇಲ್ಲದೆ, ಕೋಲು ಕೇಳಿದೆ. ಬಸ್ ನಿಲ್ದಾಣದ ಬಳಿ ದಾದಾಪೀರನ ರಿಪೇರಿ ಅಂಗಡಿಯಿದೆ. ಒಂದು ಕಾಲಕ್ಕೆ ರೇಡಿಯೋ ಬಿಚ್ಚುತ್ತಿದ್ದವನು, ಈಗ ಮೊಬೈಲು, ಲ್ಯಾಪ್‌ಟಾಪು ಬಿಚ್ಚುತ್ತಾನೆ. ಅಂದು ಅಮಾವಾಸ್ಯೆ, ನಮ್ಮ ಕಡೆ ಅಂಗಡಿ, ಟ್ರ್ಯಾಕ್ಟರು, ಹೊಲಿಗೆ ಯಂತ್ರಗಳಿಗೆಲ್ಲ ಅಮಾವಾಸ್ಯೆ ಪೂಜೆಯಾಗುವ ದಿನ, ಆಟೋಗಳೂ ನಿಂಬೆಹಣ್ಣು ತುಳಿದೇ ಹೊರಡಬೇಕು. ಹಾಗಾಗಿ ಆಟೋ ಸಿಗಲಿಲ್ಲ. ಹಾಲಮ್ಮ ಲ್ಯಾಪ್‌ಟಾಪನ್ನು ವಯರ್ ಬುಟ್ಟಿಯಲ್ಲಿಟ್ಟು ಹೊತ್ತಳು; ನಾನು ಗೋಡೆ, ಕಂಬ, ಕಟ್ಟೆಗಳನ್ನು ಹಿಡಿಯುತ್ತ ಅರ್ಧ ದಾರಿ ನಡೆದೆ, ಉಳಿದರ್ಧಕ್ಕೆ ಪರಿಚಯದವರ ಬೈಕು ಸಿಕ್ಕಿತು.

ದಾದಾಪೀರ್ ಒಂದೇ ದಿನಕ್ಕೆ ಬಿಡುವ ಪೈಕಿಯವನಲ್ಲ. "ನಾಳೆ ಬರ್ರಿ ಮೇಷ್ಟ್ರೇ" ಎಂದು ನಾಲ್ಕೈದು ದಿನ ಓಡಾಡಿಸಿದ. ಕೊನೆಗೆ ಬ್ಲೋಯರ್ ಹಿಡಿದು ಧೂಳು ಹಾರಿಸಿ, ಏನೇನೋ ಒತ್ತಿ, ಸದ್ದು ಬರಿಸಿದ. ಡ್ರೈವರಿನದೇ ತಪ್ಪೆಂದು ನಾವಿಬ್ಬರೂ ತೀರ್ಮಾನಿಸಿದೆವು. ಮುಂದಿನ ತಿಂಗಳು ಅದೇ ಮೌನ, ಅದೇ ಬುಟ್ಟಿ, ಅದೇ "ನಾಳೆ ಬರ್ರಿ". ಅದರ ಮುಂದಿನ ತಿಂಗಳೂ ಅಷ್ಟೆ. ಆ ಹೊತ್ತಿಗೆ ನಾನು ಗೋಡೆ ಹಿಡಿಯುವುದನ್ನು ಬಿಟ್ಟಿದ್ದೆ. ನಡುವೆ ಹೋಟೆಲಿನಲ್ಲಿ ಚಹಾ ಕುಡಿಯುವ ರೂಢಿಯಾಗಿ, ಲ್ಯಾಪ್‌ಟಾಪ್ ಸರಿಯಿದ್ದ ದಿನವೂ ಚಹಾಕ್ಕೆಂದು ಹೋಗತೊಡಗಿದ್ದೆ. ಐದನೇ ತಿಂಗಳು ಡಾಕ್ಟರು ಮಂಡಿ ಮಡಿಸಿ ನೋಡಿ "ಭಲೇ" ಎಂದರು. ಎಲ್ಲ ನನ್ನ ಮನೋಬಲವೆಂಬಂತೆ ನಾನು ಗಂಭೀರವಾಗಿ ತಲೆಯಾಡಿಸಿದೆ. ಪಕ್ಕದಲ್ಲಿದ್ದ ಹಾಲಮ್ಮ ಕಿಟಕಿಯಾಚೆ ನೋಡುತ್ತಿದ್ದಳು.

ಐದನೇ ಮೌನಕ್ಕೆ ದಾದಾಪೀರನಿಗೂ ಮಾನದ ಪ್ರಶ್ನೆಯಾಯಿತು. ಟಾರ್ಚ್ ಬಿಟ್ಟು ಬಲಮಗ್ಗುಲಿನ ಹೆಡ್‌ಫೋನ್ ತೂತನ್ನು ಇಣುಕಿದ, ಸೂಜಿಯಿಂದ ಕೆದಕಿದ. ಬೆಳ್ಳನೆಯ ಹೆಕ್ಕಳೆಯೊಂದು ಮೇಜಿನ ಮೇಲೆ ಬಿತ್ತು. ಅವನು ಮೂಸಿ ನೋಡಿ ನಗತೊಡಗಿದ. "ವಿಭೂತಿ ಮೇಷ್ಟ್ರೇ! ಕಿವಿ ತುಂಬ ವಿಭೂತಿ ಗಟ್ಟಿಯಾಗೈತೆ. ಯಾರೋ ಹೆಡ್‌ಫೋನ್ ಹಾಕ್ಯಾರೆ ಅಂದ್ಕಂಡು ಇದು ದನೀನೆಲ್ಲ ಅತ್ಲಾಗೆ ಕಳಿಸ್ತಾ ಕುಂತೈತೆ." ಅಂದರೆ ಇಷ್ಟು ದಿನ ಸದ್ದು ಸತ್ತಿರಲಿಲ್ಲ, ಇಲ್ಲದ ಕಿವಿಯೊಂದಕ್ಕೆ ಏಕಾಂತದಲ್ಲಿ ಹಾಡಿಕೊಳ್ಳುತ್ತಿತ್ತು.

ಬುಟ್ಟಿ ಹಿಡಿದು ಪಕ್ಕದಲ್ಲೇ ನಿಂತಿದ್ದ ಹಾಲಮ್ಮನ ಮುಖ ನೋಡಿದೆ. ಅಮಾವಾಸ್ಯೆ ಬೆಳಿಗ್ಗೆ ಮಿಕ್ಸಿ, ಟೀವಿಗಳ ಜೊತೆ ಅದಕ್ಕೂ ವಿಭೂತಿ ನೆನೆಸಿ ಮೂರು ಬೆರಳು ಎಳೆಯುವುದು ಅವಳ ಪದ್ಧತಿ. ಮುಚ್ಚಳದ ಡ್ರ್ಯಾಗನ್ನಿಗೆ ಹಚ್ಚಲು ಮನಸ್ಸು ಒಪ್ಪದೆ ಮಗ್ಗುಲಿಗೆ ಹಚ್ಚುತ್ತಿದ್ದಳು. ಪಾಪ, ತಿಳಿಯದೆ ಮಾಡಿದ್ದಾಳೆಂದು ಸಮಾಧಾನ ಹೇಳಲು ಬಾಯಿ ತೆರೆದೆ. ಅವಳೇ ಮೊದಲು ಮಾತಾಡಿದಳು.

"ಎರಡನೇ ಅಮಾಸೆಗೇ ನಂಗೆ ಗೊತ್ತಾತು. ವಿಭೂತಿ ಹಚ್ಚಿದ ದಿನಾನೇ ಇದ್ರ ದನಿ ಹೋಗ್ತೈತೆ ಅಂತ. ಒರೆಸಾಣ ಅಂತ ಬಟ್ಟೆನೂ ತಗಂಡೆ. ಆದ್ರೆ ದನಿ ಹೋದ್ರೆ ಅಲ್ವೇನ್ರೀ ನೀವು ಹೊಸ್ತಿಲು ದಾಟಾದು? ಡಾಕ್ಟ್ರು ಹೇಳಿದ್ರೂ ಕೇಳ್ಲಿಲ್ಲ, ನಾ ಅತ್ರೂ ಕೇಳ್ಲಿಲ್ಲ. ಅದಕ್ಕೆ ಬಟ್ಟೆ ಕೆಳಗಿಟ್ಟು, ಇನ್ನೊಂದು ಬೆರಳು ಜಾಸ್ತಿನೇ ಹಚ್ಚಿದೆ."

ದಾದಾಪೀರ್ ಸೂಜಿ ಒರೆಸುವ ನೆಪದಲ್ಲಿ ಆಚೆ ತಿರುಗಿದ. ನನಗೆ ಸಿಟ್ಟು ಬರಬೇಕಿತ್ತು, ಬಂದದ್ದು ಅಳು. ತಿಂಗಳುಗಟ್ಟಲೆ ನಾನು ಯಂತ್ರದ ರೋಗ ಹುಡುಕುತ್ತಿದ್ದಾಗ, ಅವಳು ನನ್ನ ರೋಗಕ್ಕೆ ಮದ್ದು ಹಚ್ಚುತ್ತಿದ್ದಳು.

ಇವತ್ತು ಮತ್ತೆ ಅಮಾವಾಸ್ಯೆ. ಬೆಳಿಗ್ಗೆ ಹಾಲಮ್ಮ ವಿಭೂತಿ ಬಟ್ಟಲು ಹಿಡಿದು ಬಂದಳು, ಲ್ಯಾಪ್‌ಟಾಪಿನ ಮುಂದೆ ಅರೆಗಳಿಗೆ ಅನುಮಾನಿಸಿ, ಮನಸ್ಸು ಗಟ್ಟಿ ಮಾಡಿಕೊಂಡು ಡ್ರ್ಯಾಗನ್ನಿನ ಹಣೆಯತ್ತ ಬೆರಳು ಚಾಚಿದಳು. ನಾನು ಲ್ಯಾಪ್‌ಟಾಪನ್ನು ತಿರುಗಿಸಿ ಬಲಮಗ್ಗುಲನ್ನೇ ಅವಳ ಕಡೆ ಮಾಡಿದೆ. ಅವಳು ನಕ್ಕು, ಧಾರಾಳವಾಗಿ ಹಚ್ಚಿದಳು. ಆಮೇಲೆ ಇಬ್ಬರೂ ಮನೆಗೆ ಬೀಗ ಹಾಕಿ ಹೊರಟೆವು. ದಾದಾಪೀರನ ಅಂಗಡಿಗೆ ಹೋಗಲಿಲ್ಲ, ಚನ್ನಗಿರಿ ಕಡೆಯ ಬಸ್ಸು ಹತ್ತಿದೆವು. ಈಗ ಸೂಳೆಕೆರೆಯ ಏರಿಯ ಮೇಲೆ ಕಾಲಡಿಯ ಕಲ್ಲು ಕರಕರ ಎನ್ನುತ್ತಿದೆ, ನನ್ನ ಬಲಗಾಲಿನದು ಎಡಗಾಲಿಗಿಂತ ಒಂದಿಷ್ಟು ತಡವಾಗಿ. ನ್ಯಾಮತಿಯ ಬೀಗ ಹಾಕಿದ ಮನೆಯಲ್ಲಿ ಲ್ಯಾಪ್‌ಟಾಪು ತನ್ನ ಮೌನವ್ರತದಲ್ಲಿರಬೇಕು. ಈ ತಿಂಗಳು ಅದನ್ನು ಮುರಿಸುವ ಅವಸರ ನನಗಿಲ್ಲ. ಹಾಲಮ್ಮ ಸೆರಗು ಬಿಗಿದು ನಾಲ್ಕು ಹೆಜ್ಜೆ ಮುಂದೆ ಹೋಗಿಬಿಟ್ಟಿದ್ದಾಳೆ.

"ಒಸಿ ನಿಧಾನ ನಡಿಯೇ" ಎಂದು ಹಿಂದಿನಿಂದ ಕೂಗಿದೆ. ಅವಳು ನಿಂತಳು.