ನಲ್ಲಿಯಕ್ಕನ ದೂರುಗಳು

ಬೆಳಿಗ್ಗೆ ಆರೂವರೆಗೆ ಮೊದಲ ತಟ್ಟೆ ಸಿಮೆಂಟಿಗೆ ತಾಗಿದ ಸದ್ದು. ಆಮೇಲೆ ಒಂದು ಚಮಚ, ಒಂದು ಬಾಣಲೆ, ಯಾರದೋ ಕೈಜಾರಿದ ಲೋಟ. ಪಾತ್ರೆ ತೊಳೆಯುವ ತೊಟ್ಟಿಗೂ ನಲ್ಲಿಯಕ್ಕನ ಕೋಣೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಹಾಸಿಗೆಯಲ್ಲಿದ್ದುಕೊಂಡೇ ಅವಳು ಸದ್ದುಗಳನ್ನು ಗುರುತಿಸುತ್ತಿದ್ದಳು. ಇದು ತಳ ಹಿಡಿದ ಹಾಲಿನ ಪಾತ್ರೆ, ಇವರು ಇನ್ನು ಹತ್ತು ನಿಮಿಷ ಕದಲುವುದಿಲ್ಲ. ಇದು ಪ್ಲಾಸ್ಟಿಕ್ ತಟ್ಟೆ, ಇವರಿಗೆ ಹೊರಡುವ ಅವಸರ, ನೀರಿನ ಪೈಪು ಬಿಚ್ಚಲು ಈಗಲೇ ಕೂಗುತ್ತಾರೆ.

"ಅಕ್ಕಾ! ಒಂಬತ್ತನೇ ನಂಬರಿಗೆ ಸ್ವಲ್ಪ ಬರ್ತೀರಾ?"

"ಬಂದೆ. ಮುಖಕ್ಕೆ ನೀರು ಹಾಕ್ಕೊಳ್ಳೋಕೂ ಬಿಡ್ಬೇಡಿ," ಎಂದು ಅವಳು ಗೋಡೆಗೆ ಹೇಳಿ ಎದ್ದಳು.

ಅದು ಮನೆಗಾಡಿಗಳ ತಂಗುದಾಣ. ಹಾಸಿಗೆ, ಒಲೆ, ಬಚ್ಚಲು ಎಲ್ಲವನ್ನೂ ಗಾಡಿಯೊಳಗೇ ಕಟ್ಟಿಕೊಂಡು ಊರೂರು ತಿರುಗುವ ಜನ ಎರಡು ದಿನವೋ ನಾಲ್ಕು ದಿನವೋ ಬಂದು ನಿಲ್ಲುತ್ತಿದ್ದರು. ಒಟ್ಟು ಹದಿನಾಲ್ಕು ಗಾಡಿಗೆ ಜಾಗ. ಪ್ರತಿ ಜಾಗಕ್ಕೆ ಒಂದು ನಲ್ಲಿ, ಒಂದು ಕರೆಂಟಿನ ಗೂಟ. ಹಿಂದುಗಡೆ ಮೂಲೆಯಲ್ಲಿ ಗಾಡಿಗಳ ಕೊಳಕು ನೀರು ಬಿಡುವ ಗುಂಡಿ, ಗಾಡಿಯ ಬಚ್ಚಲು ಇಕ್ಕಟ್ಟು ಎನ್ನುವವರಿಗೆ ಹೊರಗೆ ಎರಡು ಬಚ್ಚಲು. ಇವಿಷ್ಟನ್ನೂ ನೋಡಿಕೊಳ್ಳುತ್ತಿದ್ದವಳು ಅವಳೊಬ್ಬಳೇ. ಸೊಂಟದಲ್ಲಿ ಸ್ಪ್ಯಾನರು, ಎಡಗೈಯಲ್ಲಿ ಬಳೆಯ ಹಾಗೆ ನಲ್ಲಿಗೆ ಸುತ್ತುವ ಬಿಳಿ ಟೇಪಿನ ಸುರುಳಿ. ಹೆಸರು ಕೇಳುವ ಮೊದಲೇ ಜನ ನಲ್ಲಿಯಕ್ಕ ಎಂದುಬಿಟ್ಟಿದ್ದರು. ಹನ್ನೊಂದು ವರ್ಷ ಪೈಪಿನ ಅಂಗಡಿಯಲ್ಲಿ ಕೆಲಸ ಮಾಡಿದ್ದವಳು. ಅಂಗಡಿ ಮುಚ್ಚಿದ ವಾರ ಅಣ್ಣ ಬಂದು, "ಒಂದು ಕೋಣೆ ಖಾಲಿ ಇದೆ, ಬಾರೇ. ಸುಮ್ನೆ ಇದ್ದರಾಯ್ತು," ಎಂದಿದ್ದ. ಆ ಕೋಣೆಗೆ ಬಂದು ಒಂಬತ್ತು ವರ್ಷವಾಗಿತ್ತು. ಸುಮ್ಮನೆ ಇದ್ದ ಒಂದು ದಿನವೂ ಅವಳಿಗೆ ನೆನಪಿರಲಿಲ್ಲ.

ಬರುವ ಜನರ ಮೇಲೆ ಅವಳಿಗೆ ಪ್ರೀತಿಯೂ ಇತ್ತು, ತಲೆಚಿಟ್ಟೂ ಇತ್ತು. ದೂರದ ಘಟ್ಟಗಳನ್ನು ಹತ್ತಿಳಿದು ಬಂದ ಗಂಡಸು ಇಲ್ಲಿಯ ಸಮತಟ್ಟು ನೆಲದಲ್ಲಿ ಗಾಡಿ ಹಿಂದಕ್ಕೆ ತೆಗೆದು ಕರೆಂಟಿನ ಗೂಟಕ್ಕೆ ಗುದ್ದುತ್ತಿದ್ದ. ಹೆಂಡತಿ ಹಿಂದೆ ನಿಂತು ಎರಡೂ ಕೈ ಬೀಸಿ "ಬನ್ನಿ ಬನ್ನಿ" ಎನ್ನುತ್ತಿದ್ದಳು, ಗುದ್ದಿದ ಮೇಲೆ, "ಸಾಕು ಅಂದೆನಲ್ಲ?" ಎನ್ನುತ್ತಿದ್ದಳು. ಪಟ್ಟಣದ ಗದ್ದಲ ಸಾಕಾಗಿ ಬಂದೆವು ಎನ್ನುವವರೇ ಟಿ.ವಿ.ಯ ತಟ್ಟೆಯನ್ನು ಗಾಡಿಯ ತಲೆಗೆ ಮೊದಲು ಸಿಕ್ಕಿಸುತ್ತಿದ್ದರು. ಒಬ್ಬರಂತೂ ಹೋದ ಮೇಲೆ ಫೋನಿನಲ್ಲಿ ಬರೆದಿದ್ದರು: ಇಲ್ಲಿ ಹಕ್ಕಿಗಳು ಬಹಳ ಬೇಗ ಏಳುತ್ತವೆ.

ಅಣ್ಣ ಅದನ್ನು ಓದಿ, ಕನ್ನಡಕ ತೆಗೆದು, ಗಂಭೀರವಾಗಿ ಕೇಳಿದ್ದ: "ಹಕ್ಕಿಗೆ ಏನಾದ್ರೂ ಮಾಡಕ್ಕಾಗುತ್ತಾ?"

ಅಣ್ಣನ ರೋಗವೇ ಅದು. ತಂಗುದಾಣದ ಯಜಮಾನ ಅವನು, ಆಫೀಸಿನ ಕುರ್ಚಿ ಬಿಟ್ಟು ಏಳುತ್ತಿದ್ದದ್ದು ಊಟಕ್ಕೆ ಮಾತ್ರ. ದಿನವೂ ಕಾಫಿಯ ಹೊತ್ತಿಗೆ ಹೋದವರು ಬರೆದ ಅಭಿಪ್ರಾಯಗಳನ್ನು ಗಟ್ಟಿಯಾಗಿ ಓದುತ್ತಿದ್ದ. ತಂಗಿ ಬಾಯಿಬಿಟ್ಟು ಹೇಳಿದ ಮಾತು ಅವನ ಒಂದು ಕಿವಿಯಿಂದ ಇನ್ನೊಂದಕ್ಕೂ ಹೋಗುತ್ತಿರಲಿಲ್ಲ, ಹೊರಗೇ ಉಳಿಯುತ್ತಿತ್ತು. ಬಚ್ಚಲಿನ ದಾರಿಗೆ ಒಂದು ದೀಪ ಹಾಕಿಸು ಎಂದು ಅವಳು ಮೂರು ತಿಂಗಳು ಹೇಳಿದ್ದಳು. "ನೋಡೋಣ," ಎಂದಿದ್ದ. ಆಮೇಲೆ ನಿವೃತ್ತ ಟೀಚರಮ್ಮನೊಬ್ಬರು ಅಲ್ಲಿ ಎಡವಿ, ಹೋಗುವಾಗ ಒಂದೇ ಸಾಲು ಬರೆದರು: ಬಚ್ಚಲಿನ ದಾರಿ ಕತ್ತಲು. ಮರುದಿನ ಮಧ್ಯಾಹ್ನದೊಳಗೆ ಎಲೆಕ್ಟ್ರಿಷಿಯನ್ ಏಣಿ ಹತ್ತಿ ನಿಂತಿದ್ದ.

ಅಣ್ಣನ ಕಿವಿ ಇರುವುದು ಅವನ ಫೋನಿನಲ್ಲಿ ಎಂದು ಅವಳಿಗೆ ಅಂದು ಗೊತ್ತಾಯಿತು.

ಅಂದಿನಿಂದ ಅವಳ ಕೆಲಸದ ರೀತಿಯೇ ಬೇರೆಯಾಯಿತು. ಹೊರಡುವವರ ಪೈಪು ಬಿಚ್ಚಿ, ಸುತ್ತಿ, ಗಾಡಿಯ ಹೊಟ್ಟೆಗೆ ತಳ್ಳುವಾಗ ಮೆಲ್ಲಗೆ ಹೇಳುತ್ತಿದ್ದಳು: "ಹೊಗಳಬೇಡಿ, ಪುಣ್ಯ ಬರುತ್ತೆ. ಹೆಂಗಸರ ಬಚ್ಚಲಲ್ಲಿ ಕನ್ನಡಿ ಇಲ್ಲ ಅಂತ ಒಂದು ಸಾಲು ಬರೆದುಬಿಡಿ." ಕನ್ನಡಿ ಬಂತು. ಗೇಟಿನ ಗುಂಡಿ ಮುಚ್ಚಿತು. ನಾಲ್ಕನೇ ನಂಬರಿನ ಗೂಟ ಹೊಸದಾಯಿತು. ಆರು ವರ್ಷ ಹೀಗೆ, ಹೇಳಿ ಆಗದ್ದನ್ನೆಲ್ಲ ಅವಳು ಬರೆಸಿ ಮಾಡಿಸಿಕೊಂಡಳು.

ಹೋದ ವಾರ ಹೊರಟವರಲ್ಲಿ ಜಾಹೀರಾತು ಬರೆಯುವ ಕೆಲಸದಲ್ಲಿದ್ದವರೊಬ್ಬರಿದ್ದರು. ಪಾತ್ರೆ ತೊಟ್ಟಿಯ ತಳದ ಇಳಿಜಾರು ತಪ್ಪಿ ಒಂದು ಮೂಲೆಯಲ್ಲಿ ನೀರು ನಿಲ್ಲುತ್ತಿತ್ತು, ಪಾಚಿ ಕಟ್ಟುತ್ತಿತ್ತು. ಅಷ್ಟು ಬರೆಯಿರಿ ಸಾಕು ಎಂದು ಅವಳು ಕೇಳಿಕೊಂಡಳು.

"ಒಂದು ಸಾಲು ಯಾಕಮ್ಮಾ? ಚೆನ್ನಾಗಿ ಬರೀತೀನಿ ಬಿಡಿ," ಎಂದು ಅವರು ಉಪಕಾರದ ಮುಖ ಮಾಡಿ ಹೋದರು.

ಒಂಬತ್ತನೇ ನಂಬರಿನ ಪೈಪು ಬಿಚ್ಚಿಕೊಟ್ಟು ಅವಳು ಕಾಫಿಗೆ ಬಂದಾಗ ಅಣ್ಣ ಅದನ್ನೇ ಓದುತ್ತಿದ್ದ. ಅತ್ತಿಗೆ ಲೋಟ ಮುಂದಿಟ್ಟಳು. ಅಣ್ಣನ ದನಿ ಏರಿತ್ತು: "'ಅಪರಿಚಿತರ ಎಂಜಲಿನ ಪಕ್ಕದಲ್ಲಿ ನಮ್ಮ ತಟ್ಟೆ ತೊಳೆಯಬೇಕೆ? ಈ ತೊಟ್ಟಿ ಹೋದ ಶತಮಾನದ ಶಿಕ್ಷೆ. ಪ್ರತಿ ಗಾಡಿಗೂ ತನ್ನದೇ ಸಿಂಕ್ ಇರುವ ದಿನ ಬರಲಿ.' ನೋಡು, ಎಷ್ಟು ಸರಿಯಾಗಿ ಬರೆದಿದಾರೆ. ಎರಡೇ ಸ್ಟಾರು!"

ಅವಳು ಲೋಟ ಕೆಳಗಿಟ್ಟಳು. "ಇಳಿಜಾರಿನ ವಿಷಯ ಏನೂ ಬರೆದಿಲ್ವಾ?"

"ಯಾವ ಇಳಿಜಾರು? ಮೇಸ್ತ್ರಿಗೆ ಹೇಳಿದೀನಿ. ಹತ್ತು ಗಂಟೆಗೆ ಬಂದು ತೊಟ್ಟಿ ಒಡೀತಾನೆ. ಹದಿನಾಲ್ಕು ಸಿಂಕೂ ತರ್ತಾನೆ."

"ಅಣ್ಣ, ಬೇಡ. ತೊಟ್ಟಿ ಒಡೀಬೇಡ."

"ಯಾಕೆ? ನಿಂಗೂ ಬೆಳಗಾಗೆದ್ದು ಆ ಗಲಾಟೆ ತಪ್ಪುತ್ತಲ್ಲ."

ಯಾಕೆ ಎಂದು ಹೇಗೆ ಹೇಳುವುದು? ಎಲ್ಲವೂ ಗಾಡಿಯೊಳಗೇ ಇರುವ ಜನರಿಗೆ ಹೊರಗೆ ಬಂದು ಒಬ್ಬರ ಎದುರು ಒಬ್ಬರು ನಿಲ್ಲಲು ಬೇರೆ ಕಾರಣವೇ ಇರಲಿಲ್ಲ. ಗಾಡಿಯ ಚಿಕ್ಕ ಟ್ಯಾಂಕಿನ ನೀರು ಪಾತ್ರೆಗೆ ಸಾಲುತ್ತಿರಲಿಲ್ಲ, ಅದಕ್ಕೇ ಬರುತ್ತಿದ್ದರು. ತೊಟ್ಟಿಗೆ ಆಚೆ ನಾಲ್ಕು, ಈಚೆ ನಾಲ್ಕು ನಲ್ಲಿ. ತಲೆ ಎತ್ತಿದರೆ ಎದುರಿಗೆ ಒಂದು ಮುಖ. ಅಲ್ಲೇ ಒಬ್ಬರು ಹೇಳಿದ್ದರು, ಉತ್ತರದ ದಾರಿಯ ರೈಲು ಸೇತುವೆಯ ಕೆಳಗೆ ಹತ್ತಡಿಗಿಂತ ಎತ್ತರದ ಗಾಡಿ ಹೋಗುವುದಿಲ್ಲ ಎಂದು. ಎದುರಿಗಿದ್ದವನ ಗಾಡಿ ಹತ್ತೂವರೆ ಅಡಿ. ಕೈಯಲ್ಲಿದ್ದ ಬಾಣಲೆ ಹಾಗೇ ಬಿಟ್ಟು ನಕ್ಷೆ ತರಲು ಓಡಿದ್ದ. ಮೂರು ದಿನ ಮಾತುಬಿಟ್ಟಿದ್ದ ಗಂಡ ಹೆಂಡತಿ ತೊಟ್ಟಿಯ ಎರಡು ತುದಿಯಲ್ಲಿ ನಿಂತು, "ಸೋಪು ಕೊಡೋಕೆ ಹೇಳಿ ಅವರಿಗೆ," "ಮುಗಿದಿದೆ ಅಂತ ಹೇಳಿ ಅವರಿಗೆ," ಎಂದು ನಡುವೆ ನಿಂತಿದ್ದ ಪಾಪದ ಮನುಷ್ಯನ ಮೂಲಕ ಜಗಳ ಮುಂದುವರಿಸಿ, ಕೊನೆಗೆ ಮೂವರೂ ನಕ್ಕಿದ್ದರು. ಒಂದು ವರ್ಷ ಬಿಟ್ಟು ಮತ್ತೆ ಬಂದವರು ಮೊದಲು ಕೇಳುತ್ತಿದ್ದದ್ದು ಕೆರೆಯನ್ನಲ್ಲ, ಮರಗಳನ್ನಲ್ಲ. "ಆ ಸಲ ತೊಟ್ಟಿ ಹತ್ತಿರ ಸಿಕ್ಕಿದ್ರಲ್ಲ, ಅವರು ಮತ್ತೆ ಬಂದಿದ್ರಾ?" ಎಂದು. ತೊಟ್ಟಿ ಹೋದರೆ ಉಳಿಯುವುದು ಹದಿನಾಲ್ಕು ಮುಚ್ಚಿದ ಬಾಗಿಲು, ಮತ್ತು ಗೋಡೆಯ ಈಚೆ ಅವಳು.

ಇದರಲ್ಲಿ ಅರ್ಧವನ್ನು ಅವಳು ಹೇಳಿದಳು. ಅಣ್ಣ ಕೇಳಿಸಿಕೊಂಡವನ ಹಾಗೆ ತಲೆಯಾಡಿಸಿ, "ಸರಿ, ಆದ್ರೆ ತೊಟ್ಟಿ ಚೆನ್ನಾಗಿದೆ ಅಂತ ಯಾರಾದ್ರೂ ಬರೆದಿದಾರಾ? ಒಬ್ಬರು?" ಎಂದ.

ಬರೆದಿರಲಿಲ್ಲ. ಹೊಗಳಬೇಡಿ ಎಂದು ಆರು ವರ್ಷ ಅವಳೇ ಹೇಳಿಕೊಂಡು ಬಂದಿದ್ದಳು.

ಹತ್ತು ಗಂಟೆಗೆ ಮೇಸ್ತ್ರಿಯ ಟೆಂಪೋ ಬಂದು ತೊಟ್ಟಿಯ ಪಕ್ಕದಲ್ಲೇ ನಿಂತಿತು. ಹಿಂದೆ ಹುಲ್ಲಿನಲ್ಲಿ ಸುತ್ತಿದ ಸಿಂಕುಗಳು. ತೊಟ್ಟಿಯಲ್ಲಿ ಇನ್ನೂ ಇಬ್ಬರು ಪಾತ್ರೆ ತೊಳೆಯುತ್ತಿದ್ದರು. ಮೇಸ್ತ್ರಿ ಸುತ್ತಿಗೆ ತೆಗೆದು, "ಅಮ್ಮಾ, ಆ ಕುಕ್ಕರ್ ಒಂದು ಮುಗಿಸ್ಕೊಂಡುಬಿಡಿ, ಆಮೇಲೆ ಒಡೀತೀನಿ," ಎಂದ. ಅಣ್ಣ ಅಪರೂಪಕ್ಕೆ ಕುರ್ಚಿ ಬಿಟ್ಟು ಬಂದು ನಿಂತಿದ್ದ.

ಸುತ್ತಿಗೆಗೂ ತೊಟ್ಟಿಗೂ ನಡುವೆ ಅವಳು ಬಂದು ನಿಂತಳು. ಇನ್ನು ಉಳಿದದ್ದು ಒಂದೇ ದಾರಿ. ಅದನ್ನು ಹೇಳಿದರೆ ನಾಳೆಯಿಂದ ಒಂದು ದೀಪವನ್ನೂ ಹಾಕಿಸಲು ಅವಳ ಕೈಯಲ್ಲಿ ಉಪಾಯ ಉಳಿಯುವುದಿಲ್ಲ.

"ಅದನ್ನ ಬರೆಸಿದ್ದು ನಾನು," ಎಂದಳು.

"ಏನನ್ನ?"

"ತೊಟ್ಟಿ ದೂರನ್ನ. ಇಳಿಜಾರು ಸರಿ ಮಾಡಿಸು ಅಂತ ಬರೆಯೋಕೆ ಹೇಳಿದ್ದೆ. ಆ ಮಹಾನುಭಾವ ಪುರಾಣ ಬರೆದ."

ಅಣ್ಣ ನಕ್ಕ. "ಸುಮ್ನಿರೇ. ಜನ ನೀನು ಹೇಳಿದ್ದನ್ನ ಬರೀತಾರಾ?"

"ಬಚ್ಚಲಿನ ಕನ್ನಡಿ?"

"ಅದು ಆ ಡಾಕ್ಟರ ಹೆಂಡತಿ..."

"ನಾನು. ಗೇಟಿನ ಗುಂಡಿ, ನಾನು. ನಾಲ್ಕನೇ ನಂಬರಿನ ಗೂಟ, ನಾನು. ಬಟ್ಟೆ ಒಣಗಿಸೋ ತಂತಿ ಗಿಡ್ಡ ಅಂತ ಮೂರು ಜನರ ಹತ್ರ ಬರೆಸಿದೆ, ಒಬ್ಬರದ್ದಕ್ಕೆ ನೀನು ಅಲುಗಾಡಲಿಲ್ಲ."

ಅಣ್ಣ ಫೋನು ತೆಗೆದು ಬೆರಳಿನಿಂದ ಮೇಲಕ್ಕೆ ತಳ್ಳುತ್ತ ಹೋದ. ಅವನ ಮುಖದ ನಗು ಒಂದೊಂದೇ ದೂರಿಗೆ ಇಳಿಯುತ್ತ ಬಂತು. ಅತ್ತಿಗೆ ಒದ್ದೆ ಕೈ ಸೆರಗಿಗೆ ಒರೆಸುತ್ತ ಬಂದವಳು ಎಲ್ಲ ಕೇಳಿಸಿಕೊಂಡಿದ್ದಳು. "ನಂಗೂ ಈ ಉಪಾಯ ಹೇಳ್ಕೊಡಬಾರದಿತ್ತೇನಮ್ಮಾ? ಅಡುಗೆಮನೆ ಕಿಟಕಿ ಕಿಟಕಿ ಅಂತ ಬಡ್ಕೊಂಡು ನನ್ನ ಕೂದಲು ಬೆಳ್ಳಗಾಯ್ತು."

"ಆರು ವರ್ಷ ನನ್ನನ್ನ ಕುಣಿಸಿದೀಯ," ಎಂದ ಅಣ್ಣ.

"ನೀನೆಲ್ಲಿ ಕುಣಿದೆ? ಕೂತೇ ಇದ್ದೆ."

ಮೇಸ್ತ್ರಿ ಕೆಮ್ಮಿದ. ಕುಕ್ಕರಿನ ಹೆಂಗಸು ನಲ್ಲಿ ನಿಲ್ಲಿಸಿ ನೆಟ್ಟಗೆ ನೋಡುತ್ತಿದ್ದಳು. ಅಣ್ಣನ ಬೆರಳು ಒಂದು ಕಡೆ ನಿಂತಿತು. ಅವನು ಫೋನನ್ನು ತಂಗಿಯ ಮುಂದೆ ಹಿಡಿಯಲಿಲ್ಲ, ಮೆಲ್ಲಗೆ ಓದಿದ: "'ಯಜಮಾನರು ಕಡಿಮೆ ಮಾತಿನ, ಸಹನೆಯ ಮನುಷ್ಯರು. ಅವರಿಂದಾಗಿ ಈ ಜಾಗಕ್ಕೆ ಮತ್ತೆ ಬರಬೇಕೆನಿಸುತ್ತದೆ.' ಇದೂ ನೀನೇನಾ?"

ಅದೂ ಅವಳೇ. ಮೊಣಕಾಲಿನ ಆಪರೇಷನ್ ಆಗಿ ಅವನು ಎರಡು ತಿಂಗಳು ಯಾರ ಜೊತೆಯೂ ಮಾತಾಡದೆ ಕೂತಿದ್ದಾಗ, ಎರಡನೇ ಸಲ ಬಂದಿದ್ದ ಆ ಟೀಚರಮ್ಮನ ಕೈಯಲ್ಲೇ ಬರೆಸಿದ್ದು. ಅವಳು ಹೊಗಳಲು ಹೇಳಿದ್ದು ಅದೊಂದೇ ಸಲ.

"ಅದು ಅವರೇ ಬರೆದಿದ್ದು. ನಾನ್ಯಾಕೆ ನಿನ್ನ ಸಹನೆಯ ಮನುಷ್ಯ ಅಂತ ಬರೆಸಲಿ?"

ಅಣ್ಣ ಫೋನು ಜೇಬಿಗಿಟ್ಟ. ತೊಟ್ಟಿಯ ಸುತ್ತ ಒಂದು ಸುತ್ತು ನಡೆದ. ಮೂಲೆಯಲ್ಲಿ ನಿಂತ ನೀರಿಗೆ ಬೆರಳು ಅದ್ದಿ ಮುಖ ಕಿವಿಚಿದ.

"ಮೇಸ್ತ್ರಿ, ಇದು ಎಷ್ಟು ತಪ್ಪಿದೆ?"

ಮೇಸ್ತ್ರಿ ಸುತ್ತಿಗೆ ಕೆಳಗಿಟ್ಟು ರಸಮಟ್ಟವನ್ನು ತಳದ ಮೇಲೆ ಮಲಗಿಸಿದ. ಗಾಜಿನೊಳಗಿನ ಗುಳ್ಳೆ ಒಂದು ತುದಿಗೆ ಹೋಗಿ ಕೂತಿತು. "ಮುಕ್ಕಾಲು ಇಂಚು ಉಲ್ಟಾ ಇದೆ, ಸಾರ್. ತಳ ಕೆತ್ತಿ ಮತ್ತೆ ಗಾರೆ ಹಾಕಿದ್ರೆ ಸಾಕು. ಅರ್ಧ ದಿನದ ಕೆಲಸ."

"ಹಾಕು. ಸಿಂಕು ವಾಪಸ್ ತಗೊಂಡ್ಹೋಗು. ಒಂದು ಮಾತ್ರ ಇರ್ಲಿ," ಅತ್ತಿಗೆಯ ಕಡೆ ನೋಡದೆ ಹೇಳಿದ, "ಅಡುಗೆಮನೆಗೆ."

"ನಾನು ಕೇಳಿದ್ದು ಕಿಟಕಿ," ಎಂದು ಅತ್ತಿಗೆ ಒಳಗೆ ಹೋದಳು.

ನಲ್ಲಿಯಕ್ಕ ಮೂಲೆಯಲ್ಲಿ ನಿಂತ ನೀರನ್ನು ಕೈಯಿಂದ ಆಚೆಗೆ ತಳ್ಳತೊಡಗಿದಳು. ಅಣ್ಣ ಅವಳ ಪಕ್ಕದಲ್ಲಿ ಬಂದು ನಿಂತ. "ಇನ್ಮೇಲೆ ಯಾವ ದೂರು ಬಂದ್ರೂ ನೀನೇ ಬರೆಸಿದ್ದು ಅಂದ್ಕೊತೀನಿ. ಒಂದನ್ನೂ ನಂಬಲ್ಲ. ಏನಿದ್ರೂ ನನ್ನ ಮುಖಕ್ಕೇ ಹೇಳು."

"ಹೇಳಿದ್ರೆ ಕೇಳ್ತೀಯಾ?"

"ಕೇಳ್ದೆ ಏನು? ಈಗಲೇ ಹೇಳು, ಏನೇನು ಆಗ್ಬೇಕು. ಎಲ್ಲಾ ಹೇಳು."

ಒಂಬತ್ತು ವರ್ಷದಲ್ಲಿ ಅವಳ ಹತ್ತಿರ ಯಾರೂ ಹಾಗೆ ಕೇಳಿರಲಿಲ್ಲ. ಬೆರಳು ಮಡಚಿದಳು. "ಒಂದು, ಕೊಳಕು ನೀರಿನ ಗುಂಡಿ ಮುಚ್ಚಳದ ಹಿಡಿ ಕಿತ್ತುಹೋಗಿದೆ, ದಿನಾ ಸ್ಪ್ಯಾನರಲ್ಲಿ ಎತ್ತುತಿದೀನಿ. ಎರಡು, ಹನ್ನೆರಡನೇ ನಂಬರಿನ ನೆಲ ಕುಸೀತಾ ಇದೆ, ದೊಡ್ಡ ಗಾಡಿ ನಿಲ್ಸಿದ್ರೆ ಒಂದು ಕಡೆ ವಾಲುತ್ತೆ. ಮೂರು..."

ಅಣ್ಣನ ಜೇಬಿನಲ್ಲಿ ಟಿಣ್ ಎಂದಿತು. ಅವನ ಕೈ ಅವನನ್ನು ಕೇಳದೆಯೇ ಜೇಬಿಗೆ ಹೋಯಿತು. "ಹೇಳು ಹೇಳು, ಕೇಳ್ತಾ ಇದೀನಿ," ಎನ್ನುತ್ತ ಕಣ್ಣನ್ನು ಕೆಳಗಿಳಿಸಿದ. "ಬೆಳಿಗ್ಗೆ ಹೋದ ಒಂಬತ್ತನೇ ನಂಬರಿನವರು ಏನೋ ಬರೆದಿದಾರೆ..."

"ಮೂರು, ನನ್ನ ಕೋಣೆ ಬಾಗಿಲಿನ ಚಿಲಕ," ಎಂದಳು ಅವಳು, ಸ್ಪ್ಯಾನರನ್ನು ಸೊಂಟದಿಂದ ತೆಗೆದು ಗುಂಡಿಯ ಕಡೆ ಹೆಜ್ಜೆ ಹಾಕುತ್ತ, "ಹೋದ ಮಳೆಗಾಲದಿಂದ ನಾನು ಹೇಳ್ತಾನೇ ಇದೀನಿ, ಅದಕ್ಕೆ ಒಂದು ಹೊಸ ಸ್ಕ್ರೂ ಹಾಕಿಸು ಅಂತ."